ಬಿಸಿಲಿಗೆ ಹಾಕಿದ ಮುಖ

ಅಫಜಲಪುರ
14-6-2024

ಸೀಮಕ್ಕನಿಗೆ,

ನೀನು ಜೇವರ್ಗಿಯಲ್ಲಿ ಇದ್ದೀ ಎಂದು ಬಸ್ ಕಂಡಕ್ಟರ್ ಖುರ್ಷಿದಕ್ಕ ಹೇಳಿದಳು. ನಾನು ದುಡಿಯುವ ಅಂಗಡಿಯ ಫೋಟೋ ಸುರುಳಿಗಳನ್ನು ಜೇವರ್ಗಿಗೆ ಮುಟ್ಟಿಸುವವಳು ಅವಳೇ. "ನಿಮ್ಮ ಅಕ್ಕ ನಮ್ಮ ಬಸ್ಸಿನ್ಯಾಗ ಎರಡ ಸಲ ಬಂದಾಳ. ಚೀಟಿ ಇದ್ರ ಕೊಡು, ಮುಟ್ಟಸ್ತೇನಿ. ನಾ ಓದಂಗಿಲ್ಲ, ಚಿಂತಿ ಮಾಡಬ್ಯಾಡ," ಎಂದಳು. ನೀನು ಹೋದ ಮೇಲೆ ಅಪ್ಪ ಮನೆಯ ಎರಡೂ ಫೋನುಗಳ ನಂಬರು ಬದಲಿಸಿದ. ಒಂದು ಅವನ ಜೇಬಿನಲ್ಲಿ, ಇನ್ನೊಂದು ಮಹೇಶಣ್ಣನ ಜೇಬಿನಲ್ಲಿ. ಅದಕ್ಕೆ ಈ ಕಾಗದ. ಐದನೇ ಇಯತ್ತೆ ಬಿಟ್ಟ ಮೇಲೆ ನಾನು ಬರೆದದ್ದು ಫೋಟೋದ ಹಿಂದೆ ಗಿರಾಕಿಯ ಹೆಸರು ಮಾತ್ರ. ತಪ್ಪಿದ್ದಲ್ಲಿ ತಿದ್ದಿ ಓದಿಕೋ.

ಮೊದಲು ಅವ್ವನ ಸುದ್ದಿ. ನೀನು ಹೋದ ಹನ್ನೆರಡನೆಯ ದಿನ ಅವ್ವ ಬಚ್ಚಲಲ್ಲಿ ಬಿದ್ದಳು. ಲಕ್ವಾ ಹೊಡೆದಿತ್ತು. ಸೊಲ್ಲಾಪುರದ ದವಾಖಾನೆಯಲ್ಲಿ ಇಪ್ಪತ್ತು ದಿನ ಇಟ್ಟಿದ್ದೆವು. ಬಲಗೈ, ಬಲಗಾಲು ಹೋಗಿವೆ. ಮಾತು ತೊದಲುತ್ತದೆ, ನನಗೆ ತಿಳಿಯುತ್ತದೆ. ಕಣ್ಣು ಮಂಜಾಗಿದೆ. ಪಡಸಾಲೆಯಲ್ಲಿ ಮಂಚ ಹಾಕಿದ್ದೇವೆ.

ದವಾಖಾನೆಯಲ್ಲಿ ಕಣ್ಣು ಬಿಟ್ಟ ದಿನ ಅವಳು ಮೊದಲು ಕೇಳಿದ್ದು, "ಸೀಮಾ ಎಲ್ಲಿ?" ಎಂದು. ಅಪ್ಪ ಮಂಚದ ಹತ್ತಿರ ನಿಂತು, "ಸತ್ತಳು," ಎಂದ. ಊರಿನಲ್ಲಿ ಎಲ್ಲರ ಮುಂದೆಯೂ ಅವನು ಹಾಗೆಯೇ ಹೇಳುತ್ತಿದ್ದ. ಊರವರಿಗೆ ಅದರ ಅರ್ಥ ಗೊತ್ತು. ಅವ್ವನಿಗೆ ತಿಳಿಯಲಿಲ್ಲ. ನೀನು ಮನೆ ಬಿಟ್ಟದ್ದು ಅವಳ ನೆನಪಿನಲ್ಲಿ ಅರ್ಧ ಇದೆ, ಅರ್ಧ ಇಲ್ಲ. ಅವಳು ಅದನ್ನು ನಿಜ ಎಂದೇ ತಿಳಿದಳು. ಎಡಗೈಯಿಂದ ಎದೆ ಬಡಿದುಕೊಂಡಳು. ನರ್ಸು ಓಡಿ ಬಂದು ಸೂಜಿ ಮಾಡಿದಳು. ಆಮೇಲೆ ಅಪ್ಪ ನನ್ನನ್ನು ಹೊರಗೆ ಕರೆದು, "ಇರ್ಲಿ ಬಿಡು. ಹಂಗ ತಿಳ್ಕೊಳ್ಳಿ," ಎಂದ.

ಈಗ ನಾನು ಮಾಡಿದ್ದನ್ನು ಹೇಳಬೇಕು.

ಕಳೆದ ವಾರ ಅಪ್ಪ ನಮ್ಮ ಅಂಗಡಿಗೆ ಬಂದ. ಆಳಂದದ ಮದುವೆಯಲ್ಲಿ ತೆಗೆದ ನಿನ್ನ ಫೋಟೋ ತಂದಿದ್ದ, ನೇರಳೆ ಸೀರೆಯದು. "ಎರಡ ಅಡಿ, ಮೂರ ಅಡಿ. ಹಣಿಗಿ ವಿಭೂತಿ. ಕೆಳಗ ಹೆಸರು, ತಾರೀಖು," ಎಂದ.

ಮಾಲಕ ಸೂರ್ಯಕಾಂತ ಕಾಕಾ ಕನ್ನಡಕ ತೆಗೆದು ಅಪ್ಪನನ್ನು ನೋಡಿದರು. "ಅಲ್ಲೋ ಗುರಣ್ಣ, ಹುಡುಗಿ ಜೀವಂತ ಅದಾಳ. ಇದೇನ್ ಹಚ್ಚೀದಿ?"

"ನಿನಗ ಗಿರಾಕಿ ಬೇಕೋ, ನ್ಯಾಯ ಹೇಳೋದು ಬೇಕೋ?"

"ತಾರೀಖು ಯಾವ್ದ ಹಾಕ್ಲಿ ಮತ್ತ?"

"ಮನಿ ಬಿಟ್ಟ ತಾರೀಖ."

ಕಾಕಾ ಕನ್ನಡಕ ಹಾಕಿಕೊಂಡು ಮಶೀನು ಹಚ್ಚಿದರು. ಮಶೀನಿನಿಂದ ನೀನು ತಲೆಯಿಂದ ಕೆಳಗೆ ಇಂಚಿಂಚಾಗಿ ಹೊರಗೆ ಬಂದೆ. ಒಂದು ದಿನ ತೂಗುಹಾಕಿ ಇಂಕು ಒಣಗಿಸಿದೆವು. ಮರುದಿನ ಅಪ್ಪ ಮತ್ತೆ ಬಂದು ಸ್ಟೂಲಿನ ಮೇಲೆ ಕುಳಿತ. "ನೀನ ಅಂಟಸು. ನಾಳಿ ಯಾರರ ಕೇಳಿದ್ರ, ತಂಗಿನೂ ಒಪ್ಪ್ಯಾಳ ಅನ್ನೂದು ಗೊತ್ತಾಗಬೇಕು," ಎಂದ.

ನನ್ನ ಕೆಲಸ ನೀನು ನೋಡಿಲ್ಲ. ಫೋಟೋ ಅಂಟಿಸುವ ಹಲಗೆ, ಸನ್‌ಬೋರ್ಡನ್ನು ಮೊದಲು ಒಣಬಟ್ಟೆಯಿಂದ ಒರೆಸಬೇಕು. ಒಂದು ಮರಳಿನ ಕಾಳು ಉಳಿದರೂ ಮುಖದ ಮೇಲೆ ಮೊಡವೆ ಎದ್ದ ಹಾಗೆ ಕಾಣುತ್ತದೆ. ಫೋಟೋದ ಬೆನ್ನಿಗೆ ಗಮ್ಮಿನ ಮೇಲಿರುವ ಕಾಗದವನ್ನು ನಾಲ್ಕು ಬೆರಳಷ್ಟು ಸುಲಿಯುವುದು, ಅಷ್ಟು ಫೋಟೋ ಕೂಡಿಸುವುದು, ರಬ್ಬರ್ ಪಟ್ಟಿಯಿಂದ ನಡುವಿನಿಂದ ಅಂಚಿಗೆ ಒತ್ತುವುದು. ಮತ್ತೆ ನಾಲ್ಕು ಬೆರಳು. ಮೊದಲ ಒಂದೆರಡು ತಾಸಿನಲ್ಲಿ ತಪ್ಪಾದರೆ ಮೆಲ್ಲಗೆ ಎಬ್ಬಿಸಬಹುದು. ಒಂದು ದಿನ ಕಳೆದರೆ ಹಾಳೆ ಹರಿಯುತ್ತದೆ, ಬೋರ್ಡು ಬಿಡುವುದಿಲ್ಲ. ನಿನ್ನ ಎಡಗೆನ್ನೆಯ ಹತ್ತಿರ ಗಾಳಿ ಸಿಕ್ಕಿ ಗುಳ್ಳೆ ಎದ್ದಿತು. ಸೂಜಿಯಿಂದ ಚುಚ್ಚಿ ಒತ್ತಿದೆ. ನನ್ನ ಕೈ ನಡುಗಲಿಲ್ಲ. ಅದನ್ನೇ ನಿನಗೆ ಹೇಳಬೇಕೆಂದು ಮೂರು ದಿನದಿಂದ ಈ ಕಾಗದ ಬರೆಯುತ್ತಿದ್ದೇನೆ.

ಈಗ ಅದು ಅವ್ವನ ಮಂಚದ ಎದುರಿಗೆ ಇದೆ. ದಿನಾ ಹೊಸ ಹೂವಿನ ಹಾರ ಹಾಕುವವಳು ನಾನು.

ನಿನ್ನ ತಂಗಿ
ಅಮೃತ


ಜೇವರ್ಗಿ
27-6-2024

ಅಮೃತಾ,

ಸತ್ತವಳ ಕಾಗದ ಬಂತೆಂದು ಹೆದರಬೇಡ, ಅಕ್ಷರ ನನ್ನವೇ.

ಅಪ್ಪನಿಗೆ ಆ ನೇರಳೆ ಸೀರೆಯ ಫೋಟೋವೇ ಸಿಕ್ಕಿತೇ? ಅದರಲ್ಲಿ ನನ್ನ ಬಾಯಲ್ಲಿ ಜಿಲೇಬಿ ಇತ್ತು. ನೀನು ಚುಚ್ಚಿದ್ದು ಗಾಳಿ ಅಲ್ಲ, ಜಿಲೇಬಿ ಇರಬೇಕು. ಕಲ್ಯಾಣಕುಮಾರನಿಗೆ ನಿನ್ನ ಕಾಗದ ಓದಿ ಹೇಳಿದೆ. "ಹಂಗಾರ ನಾ ದೆವ್ವದ ಕೂಡ ಸಂಸಾರ ಮಾಡಾಕತ್ತೇನಿ," ಎಂದು ನಗಿಸಲು ನೋಡಿದ. ನಾನು ನಗಲಿಲ್ಲ. ಆಮೇಲೆ ಅವನೂ ಊಟ ಮಾಡಲಿಲ್ಲ.

ಇಲ್ಲಿ ಒಂದು ಖೋಲಿ ಹಿಡಿದಿದ್ದೇವೆ. ಅವನು ಗೂಡ್ಸ್ ಆಟೋ ಓಡಿಸುತ್ತಾನೆ. ನಾನು ಬ್ಲೌಸು ಹೊಲಿಯುತ್ತೇನೆ. ಅವನು ನಮ್ಮ ಮಂದಿಯಲ್ಲ ಎನ್ನುವುದನ್ನು ಬಿಟ್ಟರೆ ಅವನ ಮೇಲೆ ಹೇಳಲು ಅಪ್ಪನಿಗೂ ಬೇರೆ ದೂರಿಲ್ಲ.

ಅಪ್ಪ ಊರಿನ ಪಾಲಿಗೆ ನನ್ನನ್ನು ಕೊಂದರೆ ಕೊಲ್ಲಲಿ, ಅದು ಅವನ ಮಾನದ ಪ್ರಶ್ನೆ. ಹಾಸಿಗೆ ಹಿಡಿದ ಅವ್ವನಿಗೆ ಯಾಕೆ ಈ ಶಿಕ್ಷೆ? ಬದುಕಿರುವ ಮಗಳಿಗಾಗಿ ಅವಳು ದಿನಾ ಅಳಬೇಕೇ? ನೀನು ಅವಳ ಕಿವಿಯಲ್ಲಿ ಒಂದು ಮಾತು ಹೇಳು: ಸೀಮಾ ಬದುಕಿದ್ದಾಳೆ. ಅಷ್ಟೇ. ನಿನಗೆ ಮಾತೆಂದರೆ ಅಂಜಿಕೆ, ಗೊತ್ತು. ಗಿರಾಕಿ ಬಂದರೆ ಪರದೆಯ ಹಿಂದೆ ಸರಿಯುವವಳು ನೀನು. ಆದರೆ ಅವ್ವ ಗಿರಾಕಿ ಅಲ್ಲ.

ನೀನು ಹೇಳಿದ ದಿನ ನನಗೆ ತಿಳಿಸು. ಅಲ್ಲಿಯವರೆಗೆ ನನಗೆ ಬೇರೆ ಸುದ್ದಿ ಬೇಡ.

ಸೀಮಾ


ಅಫಜಲಪುರ
22-7-2024

ಅಕ್ಕ,

ಹೇಳಲಿಲ್ಲ.

ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಅವ್ವನ ಕಿವಿಯ ಹತ್ತಿರ ಬಾಯಿ ಒಯ್ದೆ. "ಏನ್ ಬೇ?" ಎಂದಳು. "ಚಹಾ ಬೇಕೇನವ್ವಾ?" ಎಂದೆ. ಚಹಾ ಮಾಡಿಕೊಟ್ಟೆ.

ಸೊಲ್ಲಾಪುರದ ಡಾಕ್ಟರು ಬಿಡುಗಡೆ ಮಾಡುವಾಗ, ಅವಳಿಗೆ ಮನಸ್ಸಿಗೆ ಪೆಟ್ಟು ಬೀಳಬಾರದು, ಇನ್ನೊಮ್ಮೆ ಲಕ್ವಾ ಹೊಡೆದರೆ ಕಷ್ಟ ಎಂದಿದ್ದರು. ಅಪ್ಪ ಅದನ್ನೇ ಹಿಡಿದುಕೊಂಡಿದ್ದಾನೆ. "ಈಗ ಹೇಳಿದ್ರ ಜೀವಾ ಹೋಗ್ತದ ಅಕಿದು. ಆಮ್ಯಾಲ ಅವ್ವನ್ನ ಕೊಂದಾಕಿ ಅಂತ ನಿನ್ನ ಹೆಸರ ಬರ್ತದ," ಎನ್ನುತ್ತಾನೆ. ಹೇಳುವಾಗ ಅವನ ದನಿ ಮೆತ್ತಗಿರುತ್ತದೆ. ಅದಕ್ಕೇ ನನಗೆ ಹೆಚ್ಚು ಅಂಜಿಕೆ.

ಆದರೆ ನಾನು ಸುಮ್ಮನೆ ಕುಳಿತಿಲ್ಲ. ಮೊದಲ ಕಾಗದದಲ್ಲಿ ಒಂದು ವಿಷಯ ಬರೆದಿರಲಿಲ್ಲ. ದೊಡ್ಡ ಫೋಟೋ ಬೋರ್ಡಿಗೆ ಕೂತ ಮೇಲೆ ಅದರ ಮುಖದ ಮೇಲೆ ತೆಳ್ಳನೆಯ ಲ್ಯಾಮಿನೇಶನ್ ಹಾಳೆ ಎಳೆಯಬೇಕು. ನಾನು ಎಳೆಯಲಿಲ್ಲ. ನಮ್ಮದು ಅಗ್ಗದ ಇಂಕು. ಹಾಳೆ ಇಲ್ಲದೆ ಬಿಸಿಲಿಗೆ ಇಟ್ಟರೆ ನಾಲ್ಕು ತಿಂಗಳು ಬಾಳುವುದಿಲ್ಲ. ಕಾಕಾ ಮುಟ್ಟಿ ನೋಡಿ, "ಲ್ಯಾಮಿನೇಶನ್ ಮಾಡ್ಲಿಲ್ಲೇನ್ ಬೇ?" ಎಂದರು. "ಅಪ್ಪ ಬ್ಯಾಡ ಅಂದಾನ್ರಿ," ಎಂದೆ. ಮನೆಯಲ್ಲಿ ಮೊಳೆ ಹೊಡೆಯುವ ಜಾಗವನ್ನೂ ನಾನೇ ತೋರಿಸಿದೆ. ಪಡುವಣ ಕಿಟಕಿಯ ಎದುರು ಗೋಡೆ. ಮಧ್ಯಾಹ್ನ ಮೂರರಿಂದ ಮುಳುಗುವವರೆಗೆ ಬಿಸಿಲು ನೇರ ನಿನ್ನ ಮುಖದ ಮೇಲೆ ಬೀಳುತ್ತದೆ.

ಅದು ತಾನಾಗಿಯೇ ಬಿಳಿಚಿಕೊಳ್ಳುತ್ತದೆ. ಹಾರ ಹಾಕಲು ಮುಖವೇ ಉಳಿಯುವುದಿಲ್ಲ. ನೋಡಿದ ಮಂದಿ ನಗುತ್ತಾರೆ, ಅಪ್ಪ ತೆಗೆದು ಅಟ್ಟದ ಮೇಲೆ ಹಾಕುತ್ತಾನೆ. ಎದುರಿಗೆ ಫೋಟೋ ಇಲ್ಲದಿದ್ದರೆ ಅವ್ವನ ದುಃಖವೂ ಇಳಿಯುತ್ತದೆ. ಆಗ ಹೇಳುವುದು ಸುಲಭ. ನೀನು ದೀಪಾವಳಿಯವರೆಗೆ ತಡೆದುಕೋ.

ಅಮೃತ


ಜೇವರ್ಗಿ
2-9-2024

ಅಮೃತಾ,

ಹಪ್ಪಳದ ಹಾಗೆ ನನ್ನನ್ನು ಬಿಸಿಲಿಗೆ ಹಾಕಿ ಕುಳಿತಿದ್ದೀಯಲ್ಲ, ಶಹಾಣಿ. ಅದು ಹೋದರೆ ಅಪ್ಪ ಇನ್ನೊಂದು ಮಾಡಿಸುವುದಿಲ್ಲ ಎಂದು ನಿನಗೆ ಯಾರು ಹೇಳಿದರು? ಅಂಗಡಿ ಇದೆ, ಮಶೀನಿದೆ, ಅಂಟಿಸಲು ನೀನಿದ್ದೀ.

ನನಗೆ ನಾಲ್ಕು ತಿಂಗಳು. ಖುರ್ಷಿದಕ್ಕ ಮುಖ ನೋಡಿಯೇ ಗುರುತು ಹಿಡಿದಳು, ಈಗ ಸೀಟು ಬಿಡಿಸಿ ಕೂಡಿಸುತ್ತಾಳೆ. ಬೆಳಿಗ್ಗೆ ನೀರೂ ನಿಲ್ಲುವುದಿಲ್ಲ. ಓಣಿಯ ಹೆಂಗಸರು, "ತವರಿನವರು ಯಾರೂ ಬರಲಿಲ್ಲಲ್ಲ," ಎನ್ನುತ್ತಾರೆ. ದೂರ ಇದ್ದಾರೆ ಎನ್ನುತ್ತೇನೆ. ಎರಡು ತಾಸಿನ ಹಾದಿ.

ನಾನು ಬದುಕಿದ್ದೇನೆ ಎಂದು ಹೇಳಲಾಗದಿದ್ದರೆ, ನಿನಗೆ ಮೊಮ್ಮಗು ಬರುತ್ತದೆ ಎಂದಾದರೂ ಅವ್ವನಿಗೆ ಹೇಳು. ಯಾರದು ಎಂದು ಅವಳೇ ಕೇಳುತ್ತಾಳೆ.

ಸೀಮಾ


ಅಫಜಲಪುರ
19-10-2024

ಅಕ್ಕ,

ಇದನ್ನು ಕುಳಿತುಕೊಂಡು ಓದು.

ಫೋಟೋ ನಾನು ಅಂದುಕೊಂಡ ಹಾಗೆ ಬಿಳಿಚಲಿಲ್ಲ. ಇಂಕಿನಲ್ಲಿ ಕೆಂಪು ಮೊದಲು ಹೋಗುತ್ತದೆ. ಅದು ನನಗೆ ಗೊತ್ತಿತ್ತು. ಅಂಗಡಿಯ ಮುಂದಿನ ಬೋರ್ಡುಗಳಲ್ಲಿ ದಿನಾ ನೋಡುತ್ತೇನೆ. ಮುಖದಲ್ಲಿ ಹೇಗೆ ಕಾಣುತ್ತದೆ ಎಂದು ವಿಚಾರ ಮಾಡಿರಲಿಲ್ಲ. ಮಳೆಗಾಲವೆಲ್ಲ ಏನೂ ಆಗಿರಲಿಲ್ಲ. ಕಳೆದ ತಿಂಗಳ ಬಿಸಿಲಿಗೆ ಮೊದಲು ತುಟಿಯ ಬಣ್ಣ ಹೋಯಿತು. ಆಮೇಲೆ ಕೆನ್ನೆ ಹಸಿರುಗಟ್ಟಿತು. ಈಗ ಕಣ್ಣಿನ ಸುತ್ತ ನೀಲಿ.

ಅವ್ವನ ಕಣ್ಣು ಮಂಜಾದರೂ ಅಷ್ಟು ದೊಡ್ಡ ಮುಖ ಕಾಣುತ್ತದೆ. ನವರಾತ್ರಿಯಲ್ಲಿ ಒಂದು ದಿನ ನನ್ನ ಸೆರಗು ಹಿಡಿದು ಎಳೆದಳು.

"ಅಕಿ ಮುಖ ನೋಡ್ ಬೇ. ಹಸರ ಆಗ್ಯದ."

"ಇಂಕ ಅವ್ವಾ. ಬಿಸಿಲಿಗಿ ಆಗ್ತದ."

"ಸುಳ್ಳ ಹೇಳಬ್ಯಾಡ. ವಿಷ ಕುಡದಾಳ ನನ್ನ ಮಗಳ. ಈಗ ತೋರಸಾಕತ್ತಾಳ ನನಗ."

ನಿನಗೂ ನೆನಪಿರಬೇಕು. ನೀನು ಹೋಗುವ ಹಿಂದಿನ ದಿನ ಅವ್ವ ಒಲೆಯ ಮುಂದೆ ಕುಳಿತು, "ಅವನ ಹಿಂದ ಹೋಗೂದಕ್ಕಿಂತ ವಿಷ ಕುಡದ ಸಾಯಿ," ಎಂದಿದ್ದಳು. ಬೇರೆ ಎಲ್ಲ ಮರೆತ ಅವಳಿಗೆ ಆ ಮಾತು ನೆನಪಿಗೆ ಬಂದಿದೆ. ಅಪ್ಪ ಸಾವು ಹೇಗಾಯಿತೆಂದು ಹೇಳಿರಲಿಲ್ಲ. ಈಗ ಫೋಟೋ ಹೇಳುತ್ತಿದೆ ಎನ್ನುತ್ತಾಳೆ. ತನ್ನ ಮಾತಿನಿಂದಲೇ ನೀನು ಸತ್ತೆ ಎಂದು ಅವಳ ತಿಳಿವಳಿಕೆ. ಹದಿನೈದು ದಿನದಿಂದ ಎರಡು ಚಮಚೆ ಗಂಜಿಗಿಂತ ಹೆಚ್ಚು ನುಂಗಿಲ್ಲ. ಬಾಯಿ ಮುಚ್ಚಿ ಹಲ್ಲು ಕಚ್ಚುತ್ತಾಳೆ. ಬಣ್ಣ ಒಂದು ಹೆಜ್ಜೆ ಇಳಿದರೆ ಅವಳೂ ಒಂದು ಹೆಜ್ಜೆ ಇಳಿಯುತ್ತಾಳೆ.

ಅಪ್ಪ ಹೆದರಿ, "ತಗದ ಬ್ಯಾರೆದ ಹಾಕೂಣು," ಎಂದ. ಫೋಟೋಕ್ಕೆ ಕೈ ಹಚ್ಚಿದ ಕೂಡಲೇ ಅವ್ವ ಕಿರುಚಿಕೊಂಡಳು. ಮುಟ್ಟಲು ಬಿಡುವುದಿಲ್ಲ. ಕಿಟಕಿ ಮುಚ್ಚಿದ್ದೇನೆ. ಹೋದ ಕೆಂಪು ತಿರುಗಿ ಬರುವುದಿಲ್ಲ.

ಇದನ್ನು ನಾನು ಮಾಡಿದೆ, ಅಕ್ಕ. ಅಪ್ಪ ಒಂದು ಸುಳ್ಳು ಹೇಳಿದ. ಅದಕ್ಕೆ ಬಣ್ಣ ಕೊಟ್ಟವಳು ನಾನು.

ನೀನು ಬಾ. ನಿನ್ನ ಮುಖ ನೋಡಿದರೆ ಮಾತ್ರ ಅವಳು ನಂಬುತ್ತಾಳೆ. ನವೆಂಬರ್ ಆರಕ್ಕೆ ಆಳಂದದಲ್ಲಿ ಶಾರದಾಬಾಯಿ ಅತ್ತೆಯ ಮಗನ ನಿಶ್ಚಯ. ಅಪ್ಪ, ಮಹೇಶಣ್ಣ ಬೆಳಿಗ್ಗೆ ಎಂಟಕ್ಕೆ ಹೋಗುತ್ತಾರೆ. ಅವ್ವನ ಹತ್ತಿರ ನಾನೊಬ್ಬಳೇ ಇರುತ್ತೇನೆ.

ಅಮೃತ


ಜೇವರ್ಗಿ
27-10-2024

ಅಮೃತಾ,

ಬರುತ್ತೇನೆ. ಆರನೇ ತಾರೀಖು, ಖುರ್ಷಿದಕ್ಕನ ಬಸ್ಸಿಗೆ. ಕಲ್ಯಾಣಕುಮಾರ ತಾನೂ ಬರುತ್ತೇನೆ ಎಂದ, ಬೇಡ ಎಂದಿದ್ದೇನೆ.

ಒಂದು ಕೆಲಸ ನಿನ್ನದು. ಹಿಂದಿನ ದಿನವೇ ಅವ್ವನಿಗೆ ಹೇಳಿಡು. ಸತ್ತಳೆಂದು ಆರು ತಿಂಗಳು ಅತ್ತವಳ ಮುಂದೆ ನಾನು ಒಮ್ಮೆಲೇ ಹೋಗಿ ನಿಂತರೆ ಏನಾಗುತ್ತದೋ ನನಗೆ ಗೊತ್ತಿಲ್ಲ. ನೀನು ಹೇಳಿಟ್ಟಿದ್ದರೆ ನಾನು ಒಳಗೆ ಬರುತ್ತೇನೆ. ಇದೊಂದನ್ನು ನನ್ನ ಸಲುವಾಗಿ ಮಾಡು.

ಸೀಮಾ


ಜೇವರ್ಗಿ
9-11-2024

ಅಮೃತಾ,

ನೀನು ನೆಲ ನೋಡುತ್ತ ನಿಂತಿದ್ದೆ, ಆದ್ದರಿಂದ ಆ ದಿನ ಏನಾಯಿತೆಂದು ನಿನಗೆ ಪೂರ್ತಿ ಕಂಡಿರಲಿಕ್ಕಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ನಾನು ಹೊಸ್ತಿಲ ಹತ್ತಿರ ಬಂದಾಗ ಅಪ್ಪ ಪಡಸಾಲೆಯಲ್ಲಿದ್ದ. ಹೆಣ್ಣಿಗೆ ಕೊಡುವ ಸೀರೆಯ ಗಂಟು ಮರೆತು ಅರ್ಧ ದಾರಿಯಿಂದ ತಿರುಗಿ ಬಂದಿರಬೇಕು, ಕೈಯಲ್ಲಿ ಗಂಟು ಇತ್ತು. ನನ್ನನ್ನು ನೋಡಿ ಅವನ ಮುಖ ಬಿಳಿಚಿತು. ಬಯ್ಯುತ್ತಾನೆ, ಹೊಡೆಯುತ್ತಾನೆ ಎಂದುಕೊಂಡೆ. ಏನೂ ಮಾಡಲಿಲ್ಲ. ಬಂದು ಬಾಗಿಲ ಚೌಕಟ್ಟಿಗೆ ಕೈ ಅಡ್ಡ ಇಟ್ಟು ನಿಂತ. ಅವನ ಕೈಯ ಕೆಳಗಿನಿಂದ ಅವ್ವನ ಮಂಚ ಕಾಣುತ್ತಿತ್ತು. ಅವ್ವ ಎಷ್ಟು ಸಣ್ಣಗಾಗಿದ್ದಾಳೆ! ಕೌದಿಯ ಕೆಳಗೆ ಯಾರೂ ಇಲ್ಲದ ಹಾಗೆ.

ಅವ್ವ ಕೇಳಿದಳು: "ಯಾರ್ ಬೇ ಬಾಗಲದಾಗ?"

ಅಪ್ಪ ಹೇಳಿದ: "ಯಾರಿಲ್ಲ. ಅಂಗಡಿ ಮಂದಿ. ಫೋಟೋ ಒಯ್ಯಾಕ ಬಂದಾರ."

ನಾನು ನಿನ್ನನ್ನು ನೋಡಿದೆ. ನೀನು ತಂಬಿಗೆ ಹಿಡಿದುಕೊಂಡು ಮಂಚದ ಕಾಲಿನ ಹತ್ತಿರ ನಿಂತಿದ್ದೆ. ನೀನು ಅವಳಿಗೆ ಹೇಳಿಲ್ಲ ಎಂದು ನಿನ್ನ ಮುಖ ನೋಡಿದ ಕೂಡಲೇ ತಿಳಿಯಿತು. "ಅವ್ವಾ" ಎಂದು ನಾನೇ ಕೂಗಬಹುದಿತ್ತು. ನನ್ನ ದನಿ ಕೇಳಿ ಅವಳ ಜೀವ ಹೋದರೆ? ಅಪ್ಪ ಮೆತ್ತಗೆ ಅಂದ: "ಕೂಗ್ತೀಯೇನ್? ಕೂಗು. ಇಲ್ಲೇ ಹೋಗ್ತಾಳ ಅಕಿ. ನೋಡ್ಕೊಂಡ ಹೋಗು." ನಾನು ಚೀಲ ಎತ್ತಿಕೊಂಡು ತಿರುಗಿದೆ.

ನಿನ್ನ ಒಂದು ಮಾತಿಗಾಗಿ ಐದು ತಿಂಗಳು ಕಾದೆ. ಇನ್ನು ಕಾಯುವುದಿಲ್ಲ. ಇನ್ನು ಬರೆಯಬೇಡ. ಖುರ್ಷಿದಕ್ಕನಿಗೂ ಹೇಳಿದ್ದೇನೆ.

ಸೀಮಾ


ಅಫಜಲಪುರ
5-12-2024

ಅಕ್ಕ,

ಬರೆಯಬೇಡ ಎಂದಿದ್ದೀ. ಖುರ್ಷಿದಕ್ಕ ಮೂರು ಸಲ ತಿರುಗಿಸಿ ಕೊಟ್ಟಳು. "ಅಕಿ ಬ್ಯಾಡ ಅಂದಾಳ, ನಾ ಯಾಕ ಬೈಸ್ಕೊಳ್ಳಿ?" ಎಂದಳು. ನಾಲ್ಕನೆಯ ಸಲ ನಾನು ಬಸ್ಸಿನ ಮೆಟ್ಟಿಲು ಬಿಟ್ಟು ಇಳಿಯಲಿಲ್ಲ. ಕ್ಷಮಿಸು ಎಂದು ಕೇಳಲು ಅಲ್ಲ ಈ ಕಾಗದ. ನಿನಗೆ ಸೇರಬೇಕಾದ ಸುದ್ದಿ ನನ್ನ ಹತ್ತಿರ ಉಳಿದಿದೆ.

ನೀನು ಹೋದ ಮೇಲೆ ಅಪ್ಪ ಗಂಟು ತೆಗೆದುಕೊಂಡು ಆಳಂದಕ್ಕೆ ಹೋದ. ನಾನು ತಂಬಿಗೆ ಹಿಡಿದುಕೊಂಡೇ ಇದ್ದೆ. ಅವ್ವ ಬಾಗಿಲ ಕಡೆ ನೋಡುತ್ತ ಕೇಳಿದಳು:

"ಅಕಿ ಯಾರ್ ಬೇ?"

"ಅಪ್ಪ ಹೇಳ್ದನಲ್ಲವ್ವಾ, ಅಂಗಡಿ ಮಂದಿ."

"ಬಸುರಿ ಇದ್ಲು ಅಕಿ. ಚೀಲ ಎತ್ತೂವಾಗ ಅಡ್ಡ ತಿರಗಿದ್ಲು, ಹೊಟ್ಟಿ ಕಂಡಿತು. ಬಿಸಲಾಗ ಬಂದ ಬಸುರಿಗಿ ಒಂದ ಗುಟಕ ನೀರ ಕೊಡ್ಲಿಲ್ಲ ನೀವು. ತಂಬಗಿ ಕೈಯಾಗ ಹಿಡಕೊಂಡ ನಿಂತೀದಿ, ಕೊಡಾಕ ಏನ್ ಧಾಡಿ ಆಗಿತ್ತ ನಿನಗ?"

ಆಗ ನನ್ನ ಬಾಯಿಂದ ಬಂತು. "ಅವ್ವಾ, ಅಕಿ ಸೀಮಾ."

ಅವಳು ಅಲುಗಾಡಲಿಲ್ಲ. ಎದೆ ಏರಿಳಿಯುತ್ತಿದೆಯೋ ಇಲ್ಲವೋ ಎಂದು ನೋಡುತ್ತ ನಿಂತೆ. ಹೋದಳು ಎಂದೇ ಅಂದುಕೊಂಡೆ. ಆಮೇಲೆ ಕೇಳಿದಳು:

"ಎಷ್ಟನೇ ತಿಂಗಳ?"

"ಆರು."

ಎಡಗೈಯ ಹೆಬ್ಬೆರಳಿನಿಂದ ಬೆರಳ ಗೆರೆ ಎಣಿಸಿದಳು. "ಮಾಘದಾಗ ಹಡೀತಾಳ," ಎಂದಳು. ಸ್ವಲ್ಪ ಹೊತ್ತಿಗೆ, "ಗಂಜಿ ಬ್ಯಾಡ, ಅನ್ನ ಕಲಸಿ ಕೊಡು," ಎಂದಳು.

ಇಷ್ಟೇ ಆದದ್ದು. ಅವಳಿಗೆ ಏನೂ ಆಗಲಿಲ್ಲ. ಅಪ್ಪನೂ ನಾನೂ ಹೆದರಿದ್ದು ಸುಳ್ಳಾಯಿತು. ನಾನು ಐದು ತಿಂಗಳು ಸುಮ್ಮನಿದ್ದದ್ದು ಮಾತ್ರ ನಿಜವಾಗಿ ಉಳಿಯಿತು. ಹಿಂದಿನ ದಿನ ಯಾಕೆ ಹೇಳಲಿಲ್ಲ ಎಂದರೆ, ನೀನು ಹೇಗೂ ಬರುತ್ತೀ, ನೀನೇ ಹೇಳುತ್ತೀ, ನನ್ನ ಬಾಯಿಂದ ಬೇಡ ಎಂದುಕೊಂಡೆ. ಇದಕ್ಕಿಂತ ಒಳ್ಳೆಯ ಕಾರಣ ನನ್ನ ಹತ್ತಿರ ಇಲ್ಲ.

ಅಪ್ಪ ಬಂದ ಕೂಡಲೇ ಅವ್ವ ಅವನಿಗೆ ಹೇಳಿದಳು: "ಏಳರಾಗ ಕುಬಸ ಮಾಡಬೇಕ್ರಿ ಸೀಮಾಂದು. ಹಸರ ಸೀರಿ, ಹಸರ ಬಳಿ ತರ್ರಿ." ಅಪ್ಪ ನನ್ನನ್ನು ನೋಡಿದ. ಆಮೇಲೆ ಗೋಡೆಯ ಕಡೆ ತಿರುಗಿ, "ಸತ್ತವರಿಗಿ ಯಾವ ಕುಬಸ," ಎಂದ. ಆ ದಿನದಿಂದ ಅವ್ವ ಅವನ ಕೂಡ ಮಾತು ಬಿಟ್ಟಿದ್ದಾಳೆ. ಅವನು ಹೊಲಕ್ಕೂ ಹೋಗುವುದಿಲ್ಲ, ಬಾಗಿಲ ಕಟ್ಟೆಯ ಮೇಲೆಯೇ ಕುಳಿತಿರುತ್ತಾನೆ. ನೀನು ಈಗ ಬಂದರೂ ಒಳಗೆ ಬರಲಾಗುವುದಿಲ್ಲ. ಗೋಡೆಯ ಫೋಟೋ ಇಳಿಸಲು ಅವ್ವ ಈಗ ಒಪ್ಪುತ್ತಾಳೆ, ಅವನು ಒಪ್ಪುವುದಿಲ್ಲ. ನಾನು ಮಂಚದ ಕಾಲು ಹಿಡಿದು ಎಳೆದು ಅವಳ ಬೆನ್ನು ಅದರ ಕಡೆ ಆಗುವಂತೆ ಮಾಡಿದ್ದೇನೆ.

ಖುರ್ಷಿದಕ್ಕನ ಕೈಯಲ್ಲಿ ಒಂದು ಡಜನ್ ಹಸಿರು ಬಳೆ ಕಳಿಸಿದ್ದೇನೆ. ಅಳತೆ ಅವ್ವನದು. ತನ್ನ ಎಡಗೈಗೆ ಒಂದೊಂದೇ ತೊಡಿಸಿಕೊಂಡು ತೆಗೆಸಿದಳು. "ಅಕಿ ಕೈ ನನ್ನ ಕೈ ಒಂದ," ಎಂದಳು.

ಅಮೃತ


ಜೇವರ್ಗಿ
16-12-2024

ಇದನ್ನು ಅವ್ವನಿಗೆ ಓದಿ ಹೇಳು. ನಿನಗೆ ಬರೆದದ್ದಲ್ಲ.

ಅವ್ವಾ, ಬಳೆ ಸರಿ ಕೂತಿವೆ. ದಾರಿಯಲ್ಲಿ ಎರಡು ಒಡೆದಿದ್ದವು, ಹತ್ತು ಉಳಿದವು. ಓಣಿಯ ಹೆಂಗಸರು ಕೂಡಿ ಕುಬಸ ಮಾಡಿದರು. ಬಳೆ ಎಲ್ಲಿಂದ ಬಂದವು ಎಂದು ಕೇಳಿದರು, ತವರಿನಿಂದ ಎಂದೆ. ನನ್ನ ಮುಖ ಹಸಿರಾಗಿಲ್ಲ, ಕರ್ರಗಾಗಿದೆ, ಬಸುರಿಯರಿಗೆ ಆಗುವ ಹಾಗೆ. ಹುಣಸೆಹಣ್ಣು ತಿಂದು ತಿಂದು ಹಲ್ಲು ಜುಮ್ಮೆನ್ನುತ್ತಿವೆ. ನಾನು ವಿಷ ಕುಡಿಯಲಿಲ್ಲ ಅವ್ವಾ. ನಿನ್ನ ಆ ಮಾತು ಬಸ್ಸು ಹತ್ತುವಾಗಲೇ ಮರೆತಿದ್ದೆ. ಹೆತ್ತ ಮೇಲೆ ಕೂಸನ್ನು ಎತ್ತಿಕೊಂಡು ಬರುತ್ತೇನೆ. ಆಗ ಅಪ್ಪನ ಕೈ ಅಡ್ಡ ಬಂದರೂ ಬರುತ್ತೇನೆ. ಅಲ್ಲಿಯವರೆಗೆ ಅನ್ನ ಉಣ್ಣು.

ನಿನ್ನ ಮಗಳು
ಸೀಮಾ


ಅಫಜಲಪುರ
7-1-2025

ಅಕ್ಕ,

ಅವ್ವ ಹೋದಳು. ಎಳ್ಳ ಅಮಾವಾಸ್ಯೆ ಮುಗಿದು ನಾಲ್ಕನೆಯ ದಿನ, ಬೆಳಗಿನ ಐದಕ್ಕೆ. ಮತ್ತೊಮ್ಮೆ ಲಕ್ವಾ ಹೊಡೆಯಿತು. ನಿದ್ದೆಯಲ್ಲಿ ಹೋದಳು ಎಂದು ಹೇಳಿದರೆ ನಿನಗೆ ಸಮಾಧಾನವಾದೀತು, ಆದರೆ ಇನ್ನು ನಿನಗೆ ಸುಳ್ಳು ಹೇಳುವುದಿಲ್ಲ. ಒಂದು ತಾಸು ತ್ರಾಸು ಪಟ್ಟಳು. ನಿನ್ನ ಕಾಗದವನ್ನು ಏಳೆಂಟು ಸಲ ಓದಿಸಿಕೊಂಡಿದ್ದಳು. ಹುಣಸೆಹಣ್ಣಿನ ಮಾತು ಬಂದಾಗ ಪ್ರತಿ ಸಲ, "ಜಾಸ್ತಿ ತಿನಬ್ಯಾಡ ಅಂತ ಬರಿ," ಎನ್ನುತ್ತಿದ್ದಳು. ನಾನು ಬರೆದಿರಲಿಲ್ಲ. ಈಗ ಬರೆದಿದ್ದೇನೆ.

ನಿನಗೆ ಆ ದಿನವೇ ತಿಳಿಸಲು ನೋಡಿದೆ. ಖುರ್ಷಿದಕ್ಕ ತನ್ನ ಮಗಳು ನಿಶಾತಳ ಹೆರಿಗೆಗೆಂದು ರಜೆಯಲ್ಲಿದ್ದಳು. ನಿನ್ನ ಫೋನ್ ನಂಬರು ಇದ್ದದ್ದು ಅವಳ ಹತ್ತಿರ ಮಾತ್ರ. ಬೆಳಗಿನ ಬಸ್ಸಿನ ಬೇರೆ ಕಂಡಕ್ಟರನಿಗೆ ಚೀಟಿ ಬರೆದು ಕೊಟ್ಟೆ. ಓಣಿ ಸಿಗಲಿಲ್ಲ ಎಂದು ಅವನು ಸಂಜೆ ಅದೇ ಚೀಟಿಯನ್ನು ತಂದು ಕೈಗೆ ಕೊಟ್ಟ. ಆಗ ಮಣ್ಣು ಮುಗಿದಿತ್ತು.

ನಮ್ಮ ಹೊಲದಲ್ಲಿಯೇ ಮಣ್ಣು ಮಾಡಿದರು, ತೊಗರಿಯ ಸಾಲು ಬಿಡಿಸಿ. ಅವ್ವನನ್ನು ಕುಣಿಯೊಳಗೆ ಕುಳ್ಳಿರಿಸಿದರು. ಮೈಯಲ್ಲಿ ಏನೂ ಉಳಿದಿರಲಿಲ್ಲ, ಇಬ್ಬರೇ ಇಳಿಸಿದರು. ಅಯ್ಯನವರು, "ಮಕ್ಕಳು ಬರ್ರಿ, ವಿಭೂತಿ ಹಾಕ್ರಿ, ಹಿಡಿ ಮಣ್ಣ ಹಾಕ್ರಿ," ಎಂದು ಕರೆದರು. ಮಹೇಶಣ್ಣ ಹಾಕಿದ. ನಾನು ಹಾಕಿದೆ. "ಇನ್ಯಾರು?" ಎಂದರು ಅಯ್ಯನವರು. ಅವರು ಯಡ್ರಾಮಿ ಕಡೆಯವರು, ನಮ್ಮ ಮನೆಯ ಸುದ್ದಿ ಅವರಿಗೆ ಗೊತ್ತಿಲ್ಲ. ಅಪ್ಪ, "ಇಬ್ಬರ ಮಕ್ಕಳ್ರಿ," ಎಂದ.

ಅರ್ಧ ಊರು ಅಲ್ಲಿತ್ತು. ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಸುಮ್ಮನಿದ್ದರು. ನನ್ನ ಕಾಲು ಹಿಂದೆ ಸರಿಯಲು ನೋಡಿತು. ನಾನು ಬಗ್ಗಿ ಇನ್ನೊಂದು ಹಿಡಿ ಮಣ್ಣು ತೆಗೆದುಕೊಂಡೆ. "ಇದು ಸೀಮಾಂದು," ಎಂದೆ. ದನಿ ಬಹಳ ದೊಡ್ಡದಾಯಿತು, ನನಗೇ ಹೆದರಿಕೆಯಾಯಿತು.

ಶಾರದಾಬಾಯಿ ಅತ್ತೆ ನನ್ನ ರಟ್ಟೆ ಹಿಡಿದಳು. "ಸತ್ತವರ ಹೆಸರ ಇಲ್ಲಿ ತಗೀಬ್ಯಾಡ ಬೇ."

"ಸತ್ತಿಲ್ಲ ಅತ್ತಿ," ಎಂದೆ. "ಜೇವರ್ಗ್ಯಾಗ ಅದಾಳ. ಎಂಟ ತಿಂಗಳ ತುಂಬ್ಯಾವ ಅಕಿಗಿ."

ಅತ್ತೆ ನನ್ನ ರಟ್ಟೆ ಬಿಟ್ಟಳು. ಅಯ್ಯನವರು ಒಮ್ಮೆ ಅಪ್ಪನ ಕಡೆ, ಒಮ್ಮೆ ನನ್ನ ಕಡೆ ನೋಡಿದರು. "ಹಾಕವ್ವಾ," ಎಂದರು. ನಾನು ನಿನ್ನ ಮಣ್ಣು ಹಾಕಿದೆ.

ನಿನ್ನ ತಂಗಿ
ಅಮೃತ